ಪೆನ್‌ಡ್ರೈವ್ ಕೇಳಿದ ಹೆಸರು

ಬೇರೆಯವರ ಮನೆಗೆ ಹೋದಾಗ ಕೆಲವರ ಕಣ್ಣು ಗೋಡೆಯ ಫೋಟೋಗಳ ಮೇಲೆ ಹೋಗುತ್ತದೆ, ಇನ್ನು ಕೆಲವರದು ಅಡುಗೆಮನೆಯ ಕಡೆಗೆ. ನನ್ನ ಕಣ್ಣು ಮಾತ್ರ ನೇರವಾಗಿ ಅವರ ಕಂಪ್ಯೂಟರಿನ ಪರದೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಫೈಲುಗಳು ಸಂತೆ ಮುಗಿದ ಬಯಲಿನ ಹಾಗೆ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಅವರು ಕೊಟ್ಟ ಕಾಫಿ ನನಗೆ ರುಚಿಸುವುದಿಲ್ಲ. ಒಂದು ನಿಮಿಷ ಕೂರಲೇ ಎಂದು ಕೇಳಿ, ಅವರು ಹೂಂ ಅನ್ನುವಷ್ಟರಲ್ಲಿ ಮೌಸಿಗೆ ಕೈ ಹಾಕಿರುತ್ತೇನೆ. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ನಾನು ವಿದ್ಯೆ ಅನ್ನುತ್ತೇನೆ. ಇಬ್ಬರಲ್ಲಿ ಯಾರು ಸರಿ ಎಂಬುದು ಈ ಪ್ರಬಂಧದ ಕೊನೆಗೆ ನಿಮಗೇ ಗೊತ್ತಾಗುತ್ತದೆ. ನನಗಂತೂ ಆಗಲೇ ಗೊತ್ತಿದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿವಣ್ಣನ ಕಂಪ್ಯೂಟರನ್ನು ನೀವು ನೋಡಬೇಕಿತ್ತು. ಪರದೆಯ ತುಂಬ ಮಗಳ ಹುಟ್ಟುಹಬ್ಬದ ಫೋಟೋ ಹಾಕಿಕೊಂಡಿದ್ದ. ಆಮೇಲೆ ಅದರ ಮೇಲೆ ದಿನಕ್ಕೊಂದು ಫೈಲು ಇಡುತ್ತ ಬಂದ. ಮೊದಲು ಕೇಕು ಮುಚ್ಚಿಹೋಯಿತು, ಆಮೇಲೆ ಮಗುವಿನ ಫ್ರಾಕು, ಆಮೇಲೆ ಮುಖ. ನಾನು ನೋಡುವ ಹೊತ್ತಿಗೆ ಫೈಲುಗಳ ಸಂದಿನಿಂದ ಒಂದೇ ಒಂದು ಕಣ್ಣು ಇಣುಕುತ್ತಿತ್ತು. "ಏನ್ಲಾ ಇದು, ಮಗೀನ ಹೂತಾಕ್ಬುಟ್ಟಿದ್ದೀಯಲ್ಲ" ಅಂದೆ. "ಎಲ್ಲಾ ಕಣ್ಮುಂದೇನೇ ಇರ್ಬೇಕು ಕಣ್ಲಾ, ಹುಡುಕೋ ತಾಪತ್ರಯನೇ ಇಲ್ಲ" ಅಂದ. ಅವತ್ತು ಊಟದ ವಿರಾಮದಲ್ಲಿ ಅವನ ಮಗಳನ್ನು ಹೊರತೆಗೆದೆ. ಮಾರನೆಯ ದಿನ ಅವನೇ ನನ್ನನ್ನು ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದ.

ಈ ವಿದ್ಯೆ ನನಗೆ ಹತ್ತಿದ್ದು ಬಿಡದಿಯಲ್ಲಿ. ರಾಗಿ ಹೊಲಗಳ ನಡುವೆ ಒಂದೊಂದಾಗಿ ತಗಡಿನ ಭಾರಿ ಚಾವಣಿಗಳು ಏಳುತ್ತಿದ್ದ ಕಾಲ ಅದು. ಕಾರಿಗೆ ಬೇಕಾದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸಿಗೆ ನಾನು ಸೇರಿಕೊಂಡೆ. ನಮ್ಮೂರು ಗುಡೇಮಾರನಹಳ್ಳಿಯಿಂದ ಮಾಗಡಿ, ಮಾಗಡಿಯಿಂದ ಬಿಡದಿ, ದಿನಾ ಬಸ್ಸು. ಅಲ್ಲಿ ಮೊದಲು ಕಲಿಸಿದ್ದು ಯಂತ್ರದ ಪಾಠವಲ್ಲ, ಜಪಾನಿನವರಿಂದ ಬಂದ ಅಚ್ಚುಕಟ್ಟಿನ ಪಾಠ. ಪ್ರತಿ ವಸ್ತುವಿಗೂ ಒಂದು ಜಾಗ, ಆ ಜಾಗಕ್ಕೊಂದು ಹೆಸರು, ಸುತ್ತ ನೆಲದ ಮೇಲೆ ಹಳದಿ ಗೆರೆ. ಬಹಳ ದಿನ ಯಾರೂ ಮುಟ್ಟದ ವಸ್ತುವಿಗೆ ಒಂದು ಕೆಂಪು ಚೀಟಿ. ಚೀಟಿ ಬಿದ್ದ ಮೇಲೂ ಯಾರೂ ಕೇಳದಿದ್ದರೆ ಅದು ಹೊರಕ್ಕೆ. ಇಷ್ಟೇ. ಇಷ್ಟಕ್ಕೇ ನನ್ನ ತಲೆಯೊಳಗೆ ಯಾರೋ ಕಿಟಕಿ ತೆಗೆದಂತಾಯಿತು.

ಮೊದಲ ಪ್ರಯೋಗ ಸಹಜವಾಗಿಯೇ ಮನೆಯಲ್ಲಿ ನಡೆಯಿತು. ಒಂದು ಭಾನುವಾರ ಪೊರಕೆಗೆ, ಮೊರಕ್ಕೆ, ನೀರಿನ ಕೊಳಗಕ್ಕೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಚೌಕ ಬರೆದುಕೊಟ್ಟೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಪೊರಕೆಗೂ ಒಂದು ಸೈಟು ಕೊಡುಸ್ಬುಟ್ಯಾ? ಗೃಹಪ್ರವೇಶ ಯಾವಾಗ್ಲಾ?" ಅಂದಳು. ಅಪ್ಪನ ಹಳೆಯ ಕಂಬಳಿಗೆ ಕೆಂಪು ಚೀಟಿ ಅಂಟಿಸಿದ್ದೆ. ಅವರು ಅದನ್ನು ಚೀಟಿಯ ಸಮೇತ ಹೊದ್ದುಕೊಂಡು ಜಗಲಿಯ ಮೇಲೆ ಕೂತರು. ಮನುಷ್ಯರ ಮನೆಗಿಂತ ಕಂಪ್ಯೂಟರು ಹೆಚ್ಚು ವಿಧೇಯ ಎಂದು ನನಗೆ ಅವತ್ತೇ ತೋರಿತು.

ಕಂಪ್ಯೂಟರು ಕೊಂಡ ಮೇಲೆ ನಾನು ಪ್ರಯತ್ನಿಸದ ಸಾಫ್ಟ್‌ವೇರ್ ಇಲ್ಲ. ಫೈಲುಗಳನ್ನು ಜೋಡಿಸಿಡುವುದಕ್ಕೆಂದೇ ಹುಟ್ಟಿದ ಸಾಫ್ಟ್‌ವೇರುಗಳು ಆಗ ಮಳೆಗಾಲದ ಅಣಬೆಗಳ ಹಾಗೆ ಏಳುತ್ತಿದ್ದವು. ಪತ್ರಿಕೆಗಳ ಜೊತೆ ಬರುತ್ತಿದ್ದ ಸೀಡಿಗಳಿಂದ ಒಂದೊಂದನ್ನೂ ಹಾಕಿ ನೋಡಿದೆ. ಪುಕ್ಕಟೆ ಅವಧಿ ಮುಗಿದಾಗ ಅವು ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುವವರೆಗೂ ಬಳಸಿದೆ. ಹೆಸರು ಬೇರೆ ಬೇರೆಯಾದರೂ ಅವುಗಳಲ್ಲಿ ಮೂರೇ ಜಾತಿ ಎಂದು ಕ್ರಮೇಣ ಗೊತ್ತಾಯಿತು. ಫೋಲ್ಡರಿನ ಜಾತಿಯದು ಪ್ರತಿ ಫೈಲಿಗೂ ಒಂದು ಮನೆ ಕಟ್ಟಿಕೊಡುತ್ತದೆ. ಯಾರು ಎಲ್ಲಿದ್ದಾರೆ ಎಂದು ತಿಳಿಯಬೇಕಾದರೆ ನೀವು ಆ ಬೀದಿ, ಆ ಬಾಗಿಲು ಎಂದು ನಡೆದು ಹೋಗಬೇಕು. ಎರಡನೆಯ ಜಾತಿಯದಕ್ಕೆ ಮನೆಯ ಹಂಗಿಲ್ಲ, ಅದು ಒಂದೇ ಫೈಲಿಗೆ ಎಷ್ಟು ಪಟ್ಟಿ ಬೇಕಾದರೂ ಅಂಟಿಸುತ್ತದೆ. ಒಬ್ಬನೇ ಮನುಷ್ಯ ಒಬ್ಬರಿಗೆ ಮಾವ, ಇನ್ನೊಬ್ಬರಿಗೆ ಅಳಿಯ, ಮತ್ತೊಬ್ಬರಿಗೆ ಬೀಗ ಆದಂತೆ. ಮೂರನೆಯದು ಹುಡುಕುವ ಸಾಫ್ಟ್‌ವೇರು. ಅದು ಬಂದಾಗ ಎಲ್ಲರೂ ಕುಣಿದಾಡಿದರು. ಎಲ್ಲಿ ಬೇಕಾದರೂ ಬಿಸಾಕಿ, ಬೇಕಾದಾಗ ಹೆಸರು ಹೊಡೆಯಿರಿ, ಬಂದು ನಿಲ್ಲುತ್ತದೆ! ಜಾತ್ರೆಯಲ್ಲಿ ನಿಂತು ಹೆಸರು ಹಿಡಿದು ಕೂಗುವ ಪದ್ಧತಿ ಇದು. ಶಿವಣ್ಣನಂಥವರಿಗೆ ಸ್ವರ್ಗ. ನನಗೆ ಮಾತ್ರ ಒಳಗೊಳಗೇ ಅವಮಾನವಾಯಿತು. ಇಷ್ಟು ವರ್ಷ ಹಳದಿ ಗೆರೆ ಎಳೆದದ್ದು ಯಾಕೆ ಹಾಗಾದರೆ?

ಇದೆಲ್ಲ ಕಂಪ್ಯೂಟರಿನಿಂದ ಬಂದ ವಿದ್ಯೆಯೆಂದು ತಿಳಿಯಬೇಡಿ. ನಮ್ಮಜ್ಜಿಯ ಕೋಣೆಯಲ್ಲಿ ಗಡಿಗೆಗಳ ಅಡಕಲು ಇತ್ತು. ಕೆಳಗೆ ದೊಡ್ಡ ಗುಡಾಣ, ಅದರ ಮೇಲೆ ಗಡಿಗೆ, ಅದರ ಮೇಲೆ ಕುಡಿಕೆ. ಯಾವುದರ ಮೇಲೂ ಅಕ್ಷರವಿಲ್ಲ. ಆದರೂ ಹುಚ್ಚೆಳ್ಳು ಯಾವುದರಲ್ಲಿ, ಅವರೆ ಬೀಜ ಯಾವುದರಲ್ಲಿ, ನಮ್ಮ ಕೈಗೆ ಸಿಗಬಾರದ ಬೆಲ್ಲ ಯಾವುದರಲ್ಲಿ ಎಂದು ಅಜ್ಜಿ ಕತ್ತಲಲ್ಲೂ ಹೇಳುತ್ತಿದ್ದರು. ಅಡಕಲನ್ನು ಫೋಲ್ಡರಿನೊಳಗೊಂದು ಫೋಲ್ಡರು ಅನ್ನದೆ ಇನ್ನೇನನ್ನಬೇಕು? ಅಂಗಳದಲ್ಲಿ ರಾಗಿಯ ಹಗೇವು ಇತ್ತು. ನೆಲದಡಿಯ ಆ ಗುಂಡಿಗೆ ರಾಗಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಮೇಲಿನದು ಹಾಳಾದರೆ ಒಳಗಿನದು ಇದೆಯೆಂಬ ಧೈರ್ಯ. ಇದನ್ನೇ ಈಗಿನವರು ಬ್ಯಾಕಪ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಎಂಜಿನಿಯರು ನಕ್ಕರು. ಅವರ ಹಾರ್ಡ್ ಡಿಸ್ಕ್ ಕೆಟ್ಟುಹೋದ ದಿನ ಅವರೇ ಬಂದು, "ನಿಮ್ಮ ಆ ರಾಗಿ ಗುಂಡಿ ವಿಷಯ ಸ್ವಲ್ಪ ಹೇಳಿ" ಅಂದರು.

ಇಷ್ಟೆಲ್ಲ ಅನುಭವವನ್ನು ಅರೆದು ಕುಡಿದ ಮೇಲೆ ನಾನು ನನ್ನ ಮಹಾಕಾರ್ಯಕ್ಕೆ ಕೈ ಹಾಕಿದೆ. ನಮ್ಮ ಮನೆತನದ ಎಲ್ಲರ ಕಾಗದ, ಫೋಟೋ, ಆಸ್ಪತ್ರೆ ಚೀಟಿಗಳನ್ನೂ ಸ್ಕ್ಯಾನ್ ಮಾಡಿ, ಅಚ್ಚುಕಟ್ಟಾಗಿ ಜೋಡಿಸಿ, ಒಂದು ಪೆನ್‌ಡ್ರೈವಿನಲ್ಲಿ ತುಂಬುವುದು. ಅಲ್ಲಿ ಒಂದು ತೊಡಕಿತ್ತು. ಮಾಗಡಿ ರಂಗನಾಥ ನಮ್ಮ ಮನೆದೇವರು. ಆದ್ದರಿಂದ ತಾತ ರಂಗೇಗೌಡ, ಅಪ್ಪ ಚಿಕ್ಕರಂಗಯ್ಯ, ಚಿಕ್ಕಪ್ಪ ರಂಗಸ್ವಾಮಿ, ನಾನು ರಂಗನಾಥ, ನನ್ನ ಮಗನ ಹೆಸರಿನಲ್ಲೂ ಒಂದು ರಂಗ. ಬರೀ ರಂಗ ಎಂದು ಹುಡುಕಿದರೆ ಇಡೀ ವಂಶವೇ ಎದ್ದು ನಿಲ್ಲುತ್ತಿತ್ತು. ಸಾಲದ್ದಕ್ಕೆ ಮಾಗಡಿ ಆಸ್ಪತ್ರೆಯ ಹಳೆಯ ಚೀಟಿಗಳಲ್ಲಿ ಕಾಂಪೌಂಡರು 'ರಂಗ, ಗಂಡು' ಎಂದಷ್ಟೇ ಗೀಚಿಬಿಟ್ಟಿದ್ದರು. ಒಬ್ಬನ ಔಷಧಿ ಇನ್ನೊಬ್ಬನ ಪಾಲಿಗೆ ಬಂದರೆ ಏನು ಗತಿ? ಅದಕ್ಕೇ ನಾನು ಒಂದು ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲೇ ಕೂರಿಸಿದೆ. ತೆರೆದ ಕೂಡಲೇ ಒಂದು ಖಾಲಿ ಚೌಕ ಬರುತ್ತದೆ. ಪೂರ್ತಿ ಹೆಸರು ಹೊಡೆದರೆ ಆ ಒಬ್ಬರ ಗೂಡು ಮಾತ್ರ ತೆರೆಯುತ್ತದೆ. ಉಳಿದವರದು ಕಣ್ಣಿಗೇ ಬೀಳುವುದಿಲ್ಲ. ತಪ್ಪಾಗುವುದಕ್ಕೆ ದಾರಿಯೇ ಇಲ್ಲ.

ಆ ಪೆನ್‌ಡ್ರೈವನ್ನು ಅವ್ವನ ಬೀಗದ ಕೈ ಗೊಂಚಲಿಗೆ ಸೇರಿಸಿದೆ. ಮನೆಯ ಯಾವ ಮುಖ್ಯ ವಸ್ತುವೂ ಅವಳ ಸೊಂಟ ಬಿಟ್ಟು ಬೇರೆ ಕಡೆ ಇರುವುದಿಲ್ಲ.

"ಇದ್ರಾಗೇನ್ಲಾ ಐತೆ?" ಅಂದಳು.

"ಇಡೀ ಮನೆ ಐತೆ ಕಣವ್ವ. ಎಲ್ಲಾದ್ರೂ ಕಷ್ಟ ಬಂದ್ರೆ ಕಂಪ್ಯೂಟ್ರು ಇರೋರ್‌ ಕೈಗೆ ಕೊಡು. ಹೆಸ್ರು ಹೇಳು. ಅಷ್ಟೇಯ."

ಅವ್ವ ಅದನ್ನು ಸೀಗೆಕಾಯಿ ನೋಡಿದಂತೆ ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಸರು ಹೇಳು ಅಂದೆನಲ್ಲ, ಆಗ ಅವಳು ಏನೂ ಅನ್ನಲಿಲ್ಲ. ನನಗೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಅವ್ವ ಅಪ್ಪನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಅವಳ ವಾರಗೆಯ ಹೆಂಗಸರು ಯಾರೂ ಗಂಡನ ಹೆಸರು ಹೇಳುವವರಲ್ಲ. ಆದರೆ ಅವ್ವನ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಮಾವನ ಹೆಸರನ್ನೂ ಹೇಳುವಂತಿಲ್ಲ. ಎರಡರಲ್ಲೂ ರಂಗ ಇರುವುದರಿಂದ ಆ ಸದ್ದೇ ಅವಳ ಬಾಯಿಗೆ ನಿಷಿದ್ಧವಾಯಿತು. ಚಿಕ್ಕಪ್ಪ ಅವಳಿಗೆ ಬರೀ ಸ್ವಾಮಿ. ನಾನು ಪುಟ್ಟ. ನನ್ನ ಮಗ ಚಿಕ್ಕಪುಟ್ಟ. ಸಾಕ್ಷಾತ್ ಮನೆದೇವರನ್ನೂ ಅವಳು ಕರೆಯುವುದು ಮಾಗಡಿ ದೇವರೆಂದೇ. ದೇವರೂ ಬೇಸರ ಮಾಡಿಕೊಂಡಂತಿಲ್ಲ. ಅಪ್ಪನನ್ನು ಕರೆಯಬೇಕಾದರೆ, "ಏ, ಕೇಳುಸ್ತಾ?" ಅನ್ನುತ್ತಾಳೆ. ಹೊಲದಾಚೆಯ ದಿಣ್ಣೆಯಲ್ಲಿದ್ದರೂ ಅಪ್ಪನಿಗೆ ಅದು ಕೇಳಿಸುತ್ತದೆ, ಬೇರೆ ಯಾರೂ ತಿರುಗುವುದಿಲ್ಲ. ಮದುವೆಯ ದಿನ ಹೊಸಿಲಿನ ಮೇಲೆ ತಡೆದು ನಿಲ್ಲಿಸಿ ಗಂಡನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಒಂದೇ ಒಂದು ಸಲ ಹೇಳಿದ್ದಳಂತೆ. ಅದೂ ಓಲಗದ ಸದ್ದಿನಲ್ಲಿ ಅಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ನನ್ನ ಹೆಂಡತಿ ಕೋಪ ಬಂದಾಗ ನನ್ನ ಹೆಸರನ್ನು ಇನಿಶಿಯಲ್ ಸಮೇತ ಕರೆಯುತ್ತಾಳೆ, ಅದು ಬೇರೆ ಮಾತು.

ಹೀಗಿರುವಾಗ ನಮ್ಮ ನೆಂಟರೊಬ್ಬರ ಮನೆಯ ಬೀಗರ ಊಟ ಬಂತು. ರಾಮನಗರದ ಹತ್ತಿರ, ಬಂಡೆಯ ಬುಡದ ಒಂದು ಮಾವಿನ ತೋಪಿನಲ್ಲಿ. ನನಗೆ ರಜೆ ಸಿಗಲಿಲ್ಲ. ಮಗನಿಗೆ ಜ್ವರವೆಂದು ಹೆಂಡತಿಯೂ ಊರಲ್ಲೇ ಉಳಿದಳು. ಅವ್ವ ಅಪ್ಪ ಇಬ್ಬರೇ ಹೋದರು. ಬೀಗರ ಊಟವೆಂದರೆ ನಮ್ಮ ಅಪ್ಪನಿಗೆ ಒಂದು ಹುದ್ದೆ ಇದೆ: ಮಾಂಸದ ಸಾರಿನ ಕೊಳದಪ್ಪಲೆಯ ಪಕ್ಕ ಸೌಟು ಹಿಡಿದು ನಿಲ್ಲುವುದು. ಯಾರಿಗೆ ಮೂಳೆ, ಯಾರಿಗೆ ಮೆತ್ತನೆಯ ತುಂಡು ಎಂಬ ತೀರ್ಮಾನ ಅವರದು. ಅವತ್ತು ಸೌದೆ ಒಲೆಯ ಹೊಗೆ ನೇರ ಮೇಲೆದ್ದು ಬಂಡೆಯ ಸಂದಿನಲ್ಲಿ ಕಟ್ಟಿದ್ದ ಹೆಜ್ಜೇನಿಗೆ ತಾಗಿತು.

ಹೆಜ್ಜೇನು ಎದ್ದಾಗ ಬೀಗರು, ನೆಂಟರು ಎಂಬ ಭೇದ ಉಳಿಯುವುದಿಲ್ಲ. ಎಲೆ ಮುಂದೆ ಕೂತವರು ಎಲೆ ಬಿಟ್ಟು ದಿಕ್ಕಿಗೊಬ್ಬರಂತೆ ಓಡಿದರು. ಅಪ್ಪ ಓಡಲಿಲ್ಲ. ಜೇನು ಬಿದ್ದು ಸಾರು ಕೆಟ್ಟೀತೆಂದು ಮೊದಲು ಕೊಳದಪ್ಪಲೆಗೆ ತಟ್ಟೆ ಮುಚ್ಚಿದರು. ಅಷ್ಟು ಹೊತ್ತು ಹೆಜ್ಜೇನಿಗೆ ಧಾರಾಳವಾಗಿ ಸಾಕಾಯಿತು. ಅವ್ವ ತಲೆಗೆ ಸೆರಗು ಸುತ್ತಿಕೊಂಡು ಓಡಿ ಬಂದು, ಜಮಖಾನವೊಂದನ್ನು ಅವರ ಮೇಲೆ ಎಸೆದು, ಎಳೆದುಕೊಂಡು ರಸ್ತೆಗೆ ಬಂದಳು. ಹೋಗುತ್ತಿದ್ದ ಯಾವುದೋ ಗೂಡ್ಸ್ ಆಟೋದವನು ಇಬ್ಬರನ್ನೂ ರಾಮನಗರದ ಒಂದು ನರ್ಸಿಂಗ್ ಹೋಮಿನ ಬಾಗಿಲಲ್ಲಿ ಇಳಿಸಿ ಹೋದ. ಅವ್ವ ಅಪ್ಪನ ಬಳಿ ಮೊಬೈಲ್ ಇರಲಿಲ್ಲ, ಯಾರ ನಂಬರೂ ಅವ್ವನಿಗೆ ಬಾಯಿಪಾಠವಿರಲಿಲ್ಲ. ನನ್ನದು ಕಾರ್ಖಾನೆಯ ಗೇಟಿನ ಪೆಟ್ಟಿಗೆಯಲ್ಲಿತ್ತು. ಒಳಗೆ ತೆಗೆದುಕೊಂಡು ಹೋಗಲು ಬಿಡುತ್ತಿರಲಿಲ್ಲ.

ಮುಂದಿನದನ್ನು ನನಗೆ ಹೇಳಿದ್ದು ಅಲ್ಲಿನ ಡಾಕ್ಟರಮ್ಮ. ಧಾರವಾಡದ ಕಡೆಯವರು, ಮಾತು ಖಡಕ್, ಮನಸ್ಸು ಮೆತ್ತಗೆ. ಊತ ಇಳಿಯುವ ಸೂಜಿಯನ್ನು ಬಂದ ಕೂಡಲೇ ಕೊಟ್ಟಿದ್ದರು. ಜೀವಕ್ಕೆ ಭಯವಿರಲಿಲ್ಲ. ಆದರೆ ನೋವು ಮಾತ್ರ ತಡೆಯುವಂಥದ್ದಲ್ಲ. ಅಪ್ಪ ಮಂಚದ ಮೇಲೆ ಹೊರಳುತ್ತಿದ್ದರು. ಕಣ್ಣು ಮುಚ್ಚಿಹೋಗಿತ್ತು, ತುಟಿ ಊದಿ ಮಾತು ನಿಂತಿತ್ತು, ಬೆರಳುಗಳು ಬಾಳೆಕಾಯಿಯಂತಾಗಿದ್ದವು. ನೋವಿಗೆ ಇನ್ನೊಂದು ಸೂಜಿ ಕೊಡಲು ಹೋದಾಗ ಅವ್ವ ಅಡ್ಡ ನಿಂತಳು. ಹಿಂದೊಮ್ಮೆ ಅಪ್ಪ ಎತ್ತಿನಗಾಡಿಯಿಂದ ಬಿದ್ದಾಗ ಮಾಗಡಿಯಲ್ಲಿ ಕೊಟ್ಟ ನೋವಿನ ಸೂಜಿ ಒಗ್ಗದೆ, ಮೈಯೆಲ್ಲ ಎದ್ದು ಉಸಿರೇ ಕಟ್ಟಿತ್ತು. ಯಾವ ಸೂಜಿ? ಅವಳಿಗೆ ಗೊತ್ತಿಲ್ಲ. ಎಲ್ಲಿದೆ ಎಂದು ಮಾತ್ರ ಗೊತ್ತು. ಸೊಂಟದಿಂದ ಗೊಂಚಲು ತೆಗೆದು ಪೆನ್‌ಡ್ರೈವ್ ಕೊಟ್ಟಳು. "ನನ್ನ ಮಗ ಎಲ್ಲಾನೂವೆ ಇದ್ರಾಗೆ ಇಕ್ಕವ್ನೆ."

ಇಲ್ಲಿಗೆ ನಿಲ್ಲಿಸಿ ಒಂದು ಮಾತು: ಆ ಜಿಲ್ಲೆಯಲ್ಲಿ ಆವತ್ತು ಎಷ್ಟು ಜನರ ಅವ್ವಂದಿರು ತಮ್ಮ ಯಜಮಾನರ ಆಸ್ಪತ್ರೆ ಚೀಟಿಯನ್ನು ಸೊಂಟದಿಂದ ತೆಗೆದು ಕೊಡಬಲ್ಲವರಾಗಿದ್ದರು? ನೀವೇ ಹೇಳಿ.

ಡಾಕ್ಟರಮ್ಮ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಖಾಲಿ ಚೌಕ ಬಂತು.

"ಯಜಮಾನ್ರ ಹೆಸರೇನ್ರಿ ಅವ್ವಾರ?"

ಅವ್ವ ನೆಲ ನೋಡಿದಳು. "ಪುಟ್ಟನ ಅಪ್ಪ."

"ಪುಟ್ಟನ ಅಪ್ಪ ಅಂದ್ರ ಇದು ಒಪ್ಪಂಗಿಲ್ರಿ. ಹೆಸರು, ಹೆಸರು."

"ನಮ್ಮನೇವ್ರು ಕಣವ್ವ."

ಡಾಕ್ಟರಮ್ಮನಿಗೆ ಅರ್ಥವಾಯಿತು. ಒಂದು ಹಾಳೆ ಪೆನ್ನು ಕೊಟ್ಟು ಬರೆಯಿರಿ ಅಂದರು. ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಬರುದ್ರೆ ಇನ್ನೂ ಮೋಸ ಕಣವ್ವ, ಅದು ಹಂಗೇ ಕುಂತಿರ್ತದೆ." ನಿಮ್ಮ ಹೆಸರನ್ನಾದರೂ ಹೇಳಿ ಅಂದಾಗ ಜಯಮ್ಮ ಅಂದಳು. ಅದನ್ನು ಹೊಡೆದರೆ ಅವ್ವನ ಕಣ್ಣಿನ ಪೊರೆಯ ಚೀಟಿ ತಟ್ಟನೆ ಬಂತು, ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ಡಾಕ್ಟರಮ್ಮನೇ ಭೇಷ್ ಅಂದರಂತೆ. ಆದರೆ ಬೇಕಾದದ್ದು ಅದಲ್ಲ. ಮಗನ ಹೆಸರು ಕೇಳಿದರೆ ಪುಟ್ಟ. ಪುಟ್ಟನೆಂಬ ಹೆಸರಿನವರು ನನ್ನ ವ್ಯವಸ್ಥೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಂಚದಿಂದ ಅಪ್ಪ ನರಳಿದರು. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಅವ್ವನ ಭುಜ ಹಿಡಿದು, "ನೋಡ್ರಿ ಅವ್ವಾರ, ನೋವಿಗೆ ಕೊಡೂ ಸೂಜಿ ನನ್ನ ಹತ್ರ ಬೇಕಾದಷ್ಟು ಅದಾವು. ಯಾವುದು ಅವ್ರಿಗೆ ಆಗಂಗಿಲ್ಲ ಅಂತ ನನಗ ಗೊತ್ತಿಲ್ಲ. ಹೆಸರು ಬರೂತನ ಈ ಪೆಟ್ಟಿಗಿ ಬಾಯಿ ಬಿಡಂಗಿಲ್ಲ, ನಾನೂ ಚುಚ್ಚಂಗಿಲ್ಲ. ನೀವು ಬಾಯಿ ಬಿಡಂಗಿದ್ರ ಬಿಡ್ರಿ" ಅಂದರು.

ಅವ್ವ ಮಂಚದ ಹತ್ತಿರ ಹೋದಳಂತೆ. ಅಪ್ಪನ ಊದಿದ ಮುಖವನ್ನೇ ನೋಡಿದಳಂತೆ. ಆಮೇಲೆ ಮಾಗಡಿಯ ದಿಕ್ಕಿಗೋ ಏನೋ, ತಿರುಗಿ ಕೈಮುಗಿದು, ಗೋಡೆಗೆ ಮುಖ ಮಾಡಿ ನಿಂತು, ಅಲ್ಲಿದ್ದ ನರ್ಸುಗಳೂ ಬೆಚ್ಚುವಂತೆ ಕೂಗಿದಳಂತೆ: "ಚಿಕ್ಕರಂಗಯ್ಯ!"

ಮೆತ್ತಗೆ ಹೇಳಿದ್ದರೂ ಸಾಕಿತ್ತು. ಆದರೆ ಇಷ್ಟು ವರ್ಷ ಒಳಗೆ ಕೂಡಿಟ್ಟದ್ದು ಮೆತ್ತಗೆ ಹೊರಬರುವುದು ಹೇಗೆ? ಚೌಕಕ್ಕೆ ಹೆಸರು ಬಿತ್ತು, ಗೂಡು ತೆರೆಯಿತು, ಮಾಗಡಿಯ ಚೀಟಿ ಬಂತು, ಒಗ್ಗದ ಸೂಜಿಯ ಹೆಸರು ಅದರಲ್ಲಿತ್ತು. ಡಾಕ್ಟರಮ್ಮ ಮೊದಲು ಕೈಗೆತ್ತಿಕೊಂಡಿದ್ದದ್ದು ಅದೇ ಸೂಜಿ. ಅದನ್ನು ಪಕ್ಕಕ್ಕಿಟ್ಟು ಬೇರೆಯದು ಕೊಟ್ಟರು. ಅಪ್ಪ ಸ್ವಲ್ಪ ಹೊತ್ತಿಗೆ ನಿದ್ದೆ ಹೋದರು. "ನಾನು ನೋಡೇನ್ರಿ, ಸೂಜಿ ಚುಚ್ಚೂಕ್ಕಿಂತ ಮೊದಲೇ ಅವರ ನರಳಾಟ ನಿಂತಿತ್ತು" ಎಂದು ಡಾಕ್ಟರಮ್ಮ ನನಗೆ ಹೇಳಿದರು. ಇದು ವೈದ್ಯಶಾಸ್ತ್ರದಲ್ಲಿದೆಯೋ ಇಲ್ಲವೋ ನನಗೆ ತಿಳಿಯದು.

ಶಿಫ್ಟು ಮುಗಿಸಿ, ಸುದ್ದಿ ಸಿಕ್ಕಿ, ನಾನು ಓಡಿ ಬಂದಾಗ ಅವ್ವ ಮಂಚದ ಪಕ್ಕದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬದುಕಿದ ಗಂಡನ ಪಕ್ಕ ಕೂತು ಅಷ್ಟು ನಾಚಿಕೊಂಡವಳನ್ನು ನಾನು ನೋಡಿಲ್ಲ. ನನ್ನನ್ನು ಕಂಡವಳೇ, "ನಿನ್ನ ಪೆಟ್ಗೆ ನನ್ನ ಬಾಯಿ ಬುಡುಸ್ಬುಡ್ತು ಕಣ್ಲಾ" ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಅದೂ ರೂಢಿಯಿಲ್ಲದ ವಿಷಯ.

ನನ್ನ ವ್ಯವಸ್ಥೆ ಸೋತಿತೆಂದು ನೀವು ಹೇಳಬಹುದು. ನಾನು ಖಂಡಿತ ಒಪ್ಪುವುದಿಲ್ಲ. ಕೇಳಿದ ಹೆಸರಿಗೆ ಕೇಳಿದ ಚೀಟಿ ಕೊಟ್ಟಿತು. ಸ್ಟೋರ್ಸಿನ ಧರ್ಮವೇ ಅದು. ಆದರೆ ವಸ್ತು ಇಟ್ಟವನು ಕರೆಯುವ ಹೆಸರು ಒಂದಾಗಿ, ಬೇಕಾದವರು ಕರೆಯುವ ಹೆಸರು ಇನ್ನೊಂದಾದರೆ, ಹಳದಿ ಗೆರೆ ಎಳೆದವನೇ ಹೋಗಿ ಗೆರೆಯನ್ನು ಒಂದಿಷ್ಟು ಸರಿಸಬೇಕು. ಅಜ್ಜಿಯ ಗಡಿಗೆಗಳ ಮೇಲೆ ಅಕ್ಷರ ಯಾಕಿರಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ತೆಗೆಯುವ ಕೈ ಯಾವುದೆಂದು ಗಡಿಗೆಗೆ ಗೊತ್ತಿತ್ತು.

ಅಪ್ಪ ಮನೆಗೆ ಬಂದ ಮೇಲಿನ ಭಾನುವಾರ ಕಂಪ್ಯೂಟರಿನ ಮುಂದೆ ಕೂತೆ. ಆ ಸಾಫ್ಟ್‌ವೇರಿನಲ್ಲಿ ಒಬ್ಬರಿಗೇ ಇನ್ನೊಂದು ಹೆಸರು ಕೊಡುವ ಅನುಕೂಲ ಇತ್ತು. ಚಿಕ್ಕರಂಗಯ್ಯನಿಗೆ 'ಪುಟ್ಟನ ಅಪ್ಪ' ಎಂದು ಸೇರಿಸಿದೆ. ತಾತನಿಗೆ 'ಮಾವ', ಚಿಕ್ಕಪ್ಪನಿಗೆ 'ಸ್ವಾಮಿ', ನನಗೆ 'ಪುಟ್ಟ'. ಅವ್ವನನ್ನು ಕರೆದು ತೋರಿಸಿದೆ. ಅವಳ ಮುಖದ ಮೇಲಿನ ಭಾರ ಇಳಿಯಿತು. "ಈಗ ಪೆಟ್ಗೆಗೆ ಒಸಿ ಬುದ್ಧಿ ಬಂತು" ಎಂದು ಕಾಫಿ ಇಡಲು ಒಳಗೆ ಹೋದಳು.

ಅಪ್ಪ ಜಗಲಿಯ ಮೇಲೆ ಆ ಕೆಂಪು ಚೀಟಿಯ ಕಂಬಳಿ ಹೊದ್ದು ಕೂತಿದ್ದರು. ಊತ ಪೂರ್ತಿ ಇಳಿದಿತ್ತು. ಒಳಗೆ ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ನಾನು ಹೊರಗೆ ಬಂದೊಡನೆ ಹತ್ತಿರ ಕರೆದು, ಅಡುಗೆಮನೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, "ಲೇ ಪುಟ್ಟ, ಅದ್ನ ಮೊದ್ಲು ಹೆಂಗಿತ್ತೋ ಹಂಗೇ ಇಕ್ಬುಡು" ಅಂದರು.

"ಯಾಕಪ್ಪ? ಅವ್ವುಂಗೆ ಕಷ್ಟ ಆಗಲ್ವಾ?"

"ಆದ್ರೆ ಆಯ್ತದೆ ಬುಡು" ಅಂದರು. ಅವರ ಮುಖದಲ್ಲಿ ಮದುವೆ ಗಂಡಿನ ಕಳೆ ಇತ್ತು.

ಆಗ ಒಳಗಿನಿಂದ ಅವ್ವನ ದನಿ ಬಂತು. "ಏ, ಕೇಳುಸ್ತಾ? ಕಾಫಿ ಆಯ್ತು."

ಹೊಲದಾಚೆಯ ದಿಣ್ಣೆಯಿಂದಲೂ ಈ ಕರೆಗೆ ಏಳುತ್ತಿದ್ದ ಅಪ್ಪ ಈ ಸಲ ಏಳಲಿಲ್ಲ. ಎದುರಿನ ಹುಣಸೆ ಮರವನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡುತ್ತ ಕೂತರು.

"ಏ, ಕೇಳುಸ್ತಾ?"

ಅಪ್ಪ ನನ್ನ ಕಡೆ ತಿರುಗಿ, ಸುಮ್ಮನಿರು ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಕೊನೆಗೆ ಅವ್ವನೇ ಹೊಸಿಲು ದಾಟಿ ಬಂದು, ಕಾಫಿಯ ಲೋಟವನ್ನು ಅಪ್ಪನ ಮುಂದೆ ಠಪ್ಪೆಂದು ಇಟ್ಟಳು.

"ಯಾಕೆ, ಹುಳ ಕಿವಿಗೂ ಕಡುದ್ವಾ?"